ಕಿವಿ ಹಿಂದಿನ ಟೆಸ್ಟರ್

ನವನಗರದ ಮೂಕರ ಸಾಲಿಗೆ ಗಂಟಿ ಕೂಡಸೂದೈತಿ, ಬಾ
ಅಂತ ಫೋನ್ ಬಂದಾಗ
ಅಂಗಡ್ಯಾಗಿದ್ದವ್ರೆಲ್ಲ ನಕ್ಕಿದ್ವಿ.
ಕಿವುಡರ ಮುಂದ ಕಿನ್ನರಿ, ಅಂದ ನಮ್ಮ ಮಾನಿಂಗ,
ಕಿವಿಗೆ ಬಟ್ಟು ಹಚ್ಚಿ, ಕೈ ಅಲ್ಲಾಡಿಸಿ.
ನಾನೂ ಹಂಗ ಮಾಡಿದೆ.
ಒಂದು ತಾಸಿನ ಕೆಲಸ, ಎಂಟುನೂರು ರೂಪಾಯಿ.

ಸೈಕಲ್ ಮೋಟರ್ ಮ್ಯಾಲ ಹೋಗೂ ಮುಂದ ಅನ್ಕೊಂಡೆ:
ಅಲ್ಲಿ ದರ್ಗಾದ ಮಧ್ಯಾಹ್ನದಂಗ ಗಪ್ಪ ಇರ್ತೈತಿ,
ಮೂಕ ಬಸವನಂಗ ಸಾಲಾಗಿ ಕುಂತಿರ್ತಾವು ಹುಡುಗೂರು,
ಒಂದೀಟು ಪಾಪ ಅನಸ್ತೈತಿ,
ಅನಿಸಿ ಹೋಗತೈತಿ.

ಬಾಗಲಾ ತಗದ್ರ ಸಂತಿ!
ತಾಟು ಬಡಿಯೂ ಸಪ್ಪಳ, ಬೆಂಚು ಎಳಿಯೂ ಸಪ್ಪಳ,
ನೆಲಾ ಒದ್ದು ಒಬ್ಬಾಕಿ ಇನ್ನೊಬ್ಬಾಕಿನ್ನ ಕರ್ಯಾಕತ್ತಿದ್ಲು.
ತಮ್ಮ ನಗು ತಮಗ ಕೇಳದವ್ರು ನಗೂದು
ಎಷ್ಟು ಜೋರ, ಎಷ್ಟು ಬಿಚ್ಚು.

ನಾ ಏಣಿ ಮ್ಯಾಲ. ಕೆಳಗ ಯಾವನೋ
ಲೈಟಿನ ಬಟನ್ ಹಾಕೂದು ತಗ್ಯೂದು, ಹಾಕೂದು ತಗ್ಯೂದು.
ಏ, ಸಾಯ್ತೀನಲೇ! ಅಂತ ಒದರಿದೆ.
ಯಾರಿಗೆ ಒದರಾಕತ್ತೀನಿ ಅನ್ನೂದು ಆಮ್ಯಾಲ ನೆನಪಾತು.
ಹೊಳೆಬಸವ್ವ ಟೀಚರ್ ನಕ್ಕೋತ ಹೇಳಿದ್ರು:
ಚಹಾಕ್ಕ ಕರ್ಯಾಕತ್ತಾನ್ರಿ. ಇಲ್ಲಿ ಹಂಗ ಕರಿಯೂದು.

ಗಂಟಿ ಅಂದ್ರ ಗಂಟಿ ಅಲ್ಲ ಅದು, ಬಲ್ಬು.
ಆರು ಖೋಲಿಗೆ ಆರು ಕೆಂಪು ಬಲ್ಬು,
ಪೀರಿಯಡ್ ಮುಗದ್ರ ಒಮ್ಮೆಲೆ ಮಿಣುಕ್ ಅನಬೇಕು.
ಹಳೇ ವೈರಿಂಗ್ ಎಲ್ಲಾ ಇಲಿ ತಿಂದಿತ್ತು.
ಒಂದು ತಾಸಿಂದು ಒಂಬತ್ತು ದಿನ ಆತು.

ಲಗಮಣ್ಣ ಸುಳ್ಳ ಹೇಳ್ತಾನ, ಅದೂ ಎರಡೂ ಕೈಲೆ.
ಮೆಹರುನ್ ನನ್ನ ಬಿಲ್ಲಿನ್ಯಾಗ ಎಪ್ಪತ್ತು ರೂಪಾಯಿ ಹೆಚ್ಚಿದ್ದದ್ದು
ನೋಡಿದ ಕೂಡ್ಲೆ ಹಿಡದ್ಲು.
ಮೈದಾನದ ಆ ತುದಿಗೊಬ್ಬ ಈ ತುದಿಗೊಬ್ಬ ನಿಂತು ಜಗಳಾಡ್ತಾರ,
ನಾವಾಗಿದ್ರ ಊರಿಗೆಲ್ಲ ಕೇಳಸ್ತಿತ್ತು.
ಬೈಗಳಾನೂ ಅದಾವು. ಎರಡು ಕಲ್ತೀನಿ,
ಟೀಚರ್ ಎದುರು ಮಾಡೂ ಹಂಗಿಲ್ಲ.

ಒಂದಿನ ಮೆಹರುನ್ ಪಾಟಿ ಮ್ಯಾಲ ಬರದು ಕೇಳಿದ್ಲು:
ನಿಮ್ಮ ಮಂದಿ ಮಾತಾಡೂ ಮುಂದ
ಮುಖಾ ಯಾಕ ಗ್ವಾಡಿ ಹಂಗ ಇಟ್ಟಿರ್ತಾರ?
ಮೊಬೈಲ್ ನೋಡ್ಕೋತ ಹೂಂ ಅಂತಾರಲ್ಲ,
ಅದು ಮಾತಾಡಿದಂಗ ಆಗತೈತಿ?
ಉತ್ತರಕ್ಕ ಕಾಯಲಿಲ್ಲ. ಪಾಟಿ ಇಟ್ಟು
ಮೆಲ್ಲಕ ಎದಿ ಸವರಿದ್ಲು: ಪಾಪ.
ನಮ್ಮನ್ನ ಕಂಡು ಪಾಪ ಅನ್ನವ್ರು ಅದಾರ ಅಂತ
ನನಗ ಆವತ್ತ ಗೊತ್ತಾತು.

ಆರನೇ ದಿನ ಸಂಜೀ ಮುಂದ ಕರೆಂಟ್ ಹೋತು.
ಊಟದ ಹಾಲಿನ್ಯಾಗ ಅರವತ್ತು ಹುಡುಗೂರು,
ಒಮ್ಮೆಲೆ ಎಲ್ಲಾ ಕೈ ಕೆಳಗಿಳದ್ವು.
ಕರೆಂಟ್ ಹೋದ್ರ ನಮಗ ಫ್ಯಾನ್ ಹೋಗತೈತಿ.
ಅವ್ರಿಗೆ ಮಾತು ಹೋಗತೈತಿ.
ಬ್ಯಾಟ್ರಿ ಹಚ್ಚಿ ಹಿಡದೆ.
ಬೆಳಕಿನ ಸಣ್ಣ ಗಾಲಿಯೊಳಗ
ಒಂದು ಕೈ ಬಂತು, ರೊಟ್ಟಿ ಹಿಟ್ಟು ಹತ್ತಿದ್ದು.
ಇನ್ನೊಂದು ಬಂತು, ಅದರ ಹಿಂದ ಇನ್ನೊಂದು,
ಪಾಳಿ ಹಚ್ಚಿ ಮಾತಾಡಿದ್ವು.
ತೋಳು ನೋಯ್ತು. ಇಳಸಲಿಲ್ಲ.
ಮರುದಿನ ಹಾಲಿಗೆ ಇನ್ವರ್ಟರ್ ಲೈನ್ ಎಳದೆ.
ವೈರಿನ ರೊಕ್ಕಾ ತಗೊಂಡೆ, ಯಾಕ ಬಿಡ್ಲಿ?
ಕೂಲಿ ಬರೀಲಿಲ್ಲ, ಅಷ್ಟ.

ಹೋಗೂ ದಿನ ನನಗ ಹೆಸರಿಟ್ರು.
ದಾವಲಮಲಿಕ್ ಅಂತ ಅಷ್ಟುದ್ದ ಅಲ್ಲಿ ಯಾರೂ ಕರಿಯೂದಿಲ್ಲ.
ಕಿವಿ ಹಿಂದ ಟೆಸ್ಟರ್ ಸಿಗಿಸೂ ಚಾಳಿ ನಂದು.
ಬಟ್ಟು ಕಿವಿಗೆ ಹಚ್ಚಿ, ಸ್ಕ್ರೂ ತಿರುವಿದಂಗ ಒಂದು ತಿರುವು.
ಮುಗೀತು, ಅದ ನಾನು.

ಮೊನ್ನೆ ಬಸ್ ಸ್ಟ್ಯಾಂಡ್ ಎದುರು ಮಾನಿಂಗನ ಜೋಡಿ ನಿಂತಿದ್ದೆ.
ರಸ್ತೆ ಆ ಕಡೆ ಲಗಮಣ್ಣ.
ನೋಡಿದ, ಕಿವಿ ಮುಟ್ಟಿ ಬಟ್ಟು ತಿರುವಿದ.
ಪಾಪ, ಕಿವುಡ ಅದೀನಿ ಅಂತ ಹೇಳಾಕತ್ತಾನ ನೋಡು, ಅಂದ ಮಾನಿಂಗ.
ಅಲ್ಲೋ, ನನ್ನ ಹೆಸರು ಹಿಡದು ಕರ್ಯಾಕತ್ತಾನ, ಅಂದೆ,
ಎರಡೂ ಕೈ ಎತ್ತಿ.

ಅಷ್ಟ್ರಾಗ ಬೀಳಗಿ ಬಸ್ ಅಡ್ಡ ಬಂತು.
ಅದು ದಾಟೂ ಮಟ
ನಮ್ಮಿಬ್ಬರ ಮಾತು
ನಡುರಸ್ತ್ಯಾಗ ನಿಂತಿತ್ತು.