ತುಂಡುಗೆರೆ

ನೂರ ಹದಿನಾಲ್ಕನೇ ಕೋಣೆ, ಎರಡನೇ ಪೀರಿಯಡ್.
ಇಪ್ಪತ್ತೆರಡು ಪರದೆ, ಇಪ್ಪತ್ತಮೂರು ಮಕ್ಕಳು,
ಅದರಲ್ಲೂ ಒಂದು ಮೌಸು ಎಡಕ್ಕಷ್ಟೇ ಓಡುತ್ತದೆ.
ಕಿಟಕಿಯಾಚೆ ಅಸ್ಟೋರಿಯಾದ ಮಂಜು;
ನದಿ ಎಲ್ಲಿಗೆ ಮುಗಿಯಿತು, ಕಡಲು ಎಲ್ಲಿಂದ ಶುರು
ಗೆರೆ ಹೊಡೆದಂತೆ ಹೇಳುವವರು ಈ ಊರಲ್ಲಿಲ್ಲ.
ಒಳಗೆ ನಾನು
ಗೆರೆ ಎಳೆಯುವುದನ್ನು ಕಲಿಸುತ್ತೇನೆ.

ಮೊದಲ ವಾರ: ಎರಡು ಬಿಂದು ಕೊಡಿ, ಗೆರೆ ತಾನೇ ಬರುತ್ತದೆ.
ಎರಡನೇ ವಾರ: ಕಂಡದ್ದಕ್ಕೆ ತುಂಬುಗೆರೆ,
ಇದ್ದೂ ಕಾಣದ್ದಕ್ಕೆ ತುಂಡುಗೆರೆ.
"ಕಾಣದ್ದನ್ನು ಯಾಕೆ ಬರೀಬೇಕು?" ಅಂದಳು ಮರಿಸೋಲ್.
ಡ್ರಿಲ್ ಹಿಡಿದವನಿಗೆ
ಹಿಂದೊಂದು ತೂತಿದೆ ಅಂತ ಗೊತ್ತಿರಬೇಕಲ್ಲ, ಅಂದೆ.
ಅವಳು ಆಗಲೇ ಉಗುರು ನೋಡಿಕೊಳ್ಳುತ್ತಿದ್ದಳು.

ಹಡಗುಕಟ್ಟೆಯಲ್ಲಿ ಹದಿನೇಳು ವರ್ಷ ನನ್ನವು.
ಟಿ-ಸ್ಕ್ವೇರು, ಗಟ್ಟಿ ಪೆನ್ಸಿಲು,
ಬ್ಲೇಡಿನಿಂದ ಕೆರೆದ ತಪ್ಪುಗಳು.
ಕೆರೆದಲ್ಲಿ ಹಾಳೆ ತೆಳ್ಳಗಾಗುತ್ತಿತ್ತು;
ಬೆಳಕಿಗೆ ಹಿಡಿದರೆ
ಯಾರ ಕೈ ಎಲ್ಲಿ ತಡವರಿಸಿತೆಂದು ಓದಬಹುದಿತ್ತು.
ಈ ಮಕ್ಕಳು ಕಂಟ್ರೋಲ್ ಝಡ್ ಒತ್ತುತ್ತಾರೆ.
ತಪ್ಪಿಗೊಂದು ಗಾಯದ ಗುರುತೂ ಇಲ್ಲ.
ಹೊಟ್ಟೆಕಿಚ್ಚು ಅನ್ನುವುದಾದರೆ ಅನ್ನಿ.

ಕೊನೆಯ ಕೆಲಸ ಕೊಟ್ಟೆ:
ನಿಮ್ಮ ಮನೆಗೆ ಬೇಕಾದದ್ದೊಂದನ್ನು ಬರೆದು ತನ್ನಿ.
ಕಾಲ್ಡರ್ ತಂದದ್ದು ಸ್ಕೇಟ್‌ಬೋರ್ಡಿಗೊಂದು ಗೂಡು.
ಮರಿಸೋಲ್, ತಮ್ಮನ ಮಂಚದಡಿಗೆ
ಬೀಗವಿರುವ ತನ್ನದೇ ಡ್ರಾಯರು.
ಡಾರಿನ್ ಪೆಸೋನೆನ್,
ವರ್ಷಕ್ಕೆ ಇಪ್ಪತ್ತು ಮಾತಾಡಿದರೆ ಹೆಚ್ಚು,
ಅಜ್ಜಿಯ ಗಾಲಿಕುರ್ಚಿಗೆ ಬಾಗಿಲ ತನಕ ಒಂದು ಇಳಿಜಾರು.

ವರಾಂಡದ ಎತ್ತರ ಮೂವತ್ತೊಂದು ಇಂಚು.
ನಿಯಮ: ಒಂದಿಂಚು ಏರಲು ಹನ್ನೆರಡಿಂಚು ಓಟ.
ಅಲ್ಲಿಗೆ ಮೂವತ್ತೊಂದಡಿ.
ಅಂಗಳ ಇರುವುದು ಇಪ್ಪತ್ತೆರಡು,
ಆಮೇಲೆ ಬೇಲಿ, ಬೇಲಿಯಾಚೆ
ಗುಡ್ಡ ಧೊಪ್ಪೆಂದು ಬೀದಿಗೆ ಬಿದ್ದಿದೆ.
ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವುದು ಸುಲಭ;
ಕಾಲೇ ಏಳದವಳಿಗೆ ಯಾವ ಹಾಸಿಗೆಯ ಲೆಕ್ಕ?

ಅವನು ಇಪ್ಪತ್ತೆರಡಡಿಯಲ್ಲೇ ಮುಗಿಸಿದ, ಕಡಿದಾಗಿ.
ಪರದೆ ಚಕಾರವೆತ್ತಲಿಲ್ಲ.
ನಾನೂ ಎತ್ತಲಿಲ್ಲ. ನರ್ಸಮ್ಮನ ಗಾಲಿಕುರ್ಚಿ ತಂದು,
ಕ್ಯಾಂಟೀನಿನ ಹಿಂದೆ ಸಾಮಾನಿಳಿಸುವ ಇಳಿಜಾರಿನ ಬುಡದಲ್ಲಿ
ನಾನೇ ಕೂತೆ.
ದೂಡು, ಅಂದೆ.
ಅರ್ಧದಲ್ಲಿ ಅವನ ಬೂಟು ಜಾರಿತು,
ಇಬ್ಬರೂ ಹಾಲಿನ ಕ್ರೇಟುಗಳಿಗೆ ಹೋಗಿ ಗುದ್ದಿದೆವು.
ಒದ್ದೆ ಸಾಕ್ಸಿನಲ್ಲೇ ವಾಪಸು ಬಂದು
ಎಲ್ಲ ಅಳಿಸಿದ.

ಹೊಸದು ಮುರಿದ ಮೊಣಕೈಯಂತೆ:
ಹದಿನೈದಡಿ ಏರಿ, ಐದಡಿ ಚೌಕದಲ್ಲಿ ಉಸಿರು ಬಿಟ್ಟು,
ಬಲಕ್ಕೆ ತಿರುಗಿ ಮತ್ತೆ ಹದಿನಾರು.
ತಿರುವಿನ ಕೆಳಗೆ, ಹಲಗೆಗಳ ಅಡಿಯಲ್ಲಿ,
ತುಂಡುಗೆರೆಯಲ್ಲಿ ಒಂದು ದೋಣಿ.
ಇದೇನು?
"ಅಜ್ಜಂದು. ಒಂಬತ್ತು ವರ್ಷದಿಂದ ಅಲ್ಲೇ ನಿಂತಿದೆ."
ತೆಗೆಯದೆ ಇಳಿಜಾರು ಕಟ್ಟುವ ಹಾಗಿಲ್ಲವಲ್ಲ?
"ತೆಗೀತಾರೆ."
ಹಾಗಾದರೆ ಬರೆಯಬಾರದು.
"ಇದ್ದೂ ಕಾಣದ್ದಕ್ಕೆ ಅಂದಿದ್ರಿ."

ಎರಡು ಅಂಕ ಕಳೆದೆ. ನಿಯಮ ನಿಯಮವೇ.
ಆಮೇಲೆ ಮೂಲೆಯ ಚೌಕಟ್ಟಿನಲ್ಲಿ, 'ಪರಿಶೀಲಿಸಿದವರು' ಎಂಬಲ್ಲಿ,
ಹಡಗುಕಟ್ಟೆಯಲ್ಲಿ ಬರೀ ಎರಡಕ್ಷರ ಗೀಚುತ್ತಿದ್ದವಳು
ಪೂರ್ತಿ ಬರೆದೆ: ಐಲಾ ಕೊಸ್ಕೆಲಾ.
ದೋಣಿಯನ್ನು ಅಳಿಸು ಅನ್ನಲಿಲ್ಲ.

ಮಾರ್ಚಿನಲ್ಲಿ ಅವನ ಚಿಕ್ಕಪ್ಪಂದಿರು ಕಟ್ಟಿದರು.
ಇಳಿಜಾರು ಸರಿಯಿತ್ತು, ಚೌಕ ಸರಿಯಿತ್ತು,
ಕಂಬಿ ಕೂಡ ಕೈಗೆಟುಕುವಂತಿತ್ತು.
ಬಾಗಿಲು ಹೊರಕ್ಕೆ ತೆರೆಯುತ್ತದೆಂದು ಮಾತ್ರ
ಬರೆದವನೂ ಮರೆತಿದ್ದ, ಪರಿಶೀಲಿಸಿದವಳೂ ಮರೆತಿದ್ದಳು.
ಕಂಬಿಗೆ ಬಡಿದು ಅರ್ಧಕ್ಕೇ ನಿಂತಿತಂತೆ.
"ಬಾಗಿಲನ್ನೇ ಕಳಚಿಡಿ" ಅಂದಳಂತೆ ಹಿಲ್ಮಾ ಅಜ್ಜಿ,
ಆ ಗಾಳಿಯಲ್ಲಿ, ಕೋಟು ಹಾಕಿ ಹೊರಟು ಕೂತವಳು.

ಈ ವರ್ಷ ಹೊಸ ಮಕ್ಕಳು. ಮೌಸು ಅದೇ.
ಬಿಂದು ಆಮೇಲೆ, ಗೆರೆ ಆಮೇಲೆ.
ಮೊದಲ ದಿನ ಬಾಗಿಲು ಬರೆಸುತ್ತೇನೆ:
ಕೀಲಿನಿಂದ ಒಂದು ಕಾಲುವೃತ್ತ.
ಅಷ್ಟು ಜಾಗ
ಖಾಲಿ ಬಿಡಿ.