ಸಂದು

ಬಾಳಿವೇಸಿನ ಓಣಿಯಲ್ಲಿ ಒಂದೂವರೆ ಅಂಕಣದ ಅಂಗಡಿ ನನ್ನದು.
ಹಲಗೆಯ ಮೇಲೆ ಮರಾಠಿಯಲ್ಲಿ ಹೆಸರು, ಕೆಳಗೆ ಹಲ್ಲಿನ ಚಿತ್ರ.
ಡಾಕ್ಟರರು ಅಚ್ಚು ಕಳಿಸುತ್ತಾರೆ, ನಾನು ಹಲ್ಲು ಕಟ್ಟುತ್ತೇನೆ.
ಯಾರ ಬಾಯಿಗೆ ಎಂದು ಕೇಳುವುದಿಲ್ಲ,
ಚೀಟಿಯ ಮೇಲೆ ನಂಬರು ಇರುತ್ತದೆ.

ಮಧ್ಯಾಹ್ನ ಎರಡಕ್ಕೆ ರೇವಪ್ಪ ಹತ್ತುರೆ ಬಂದ,
ಧೋತರದ ಚುಂಗಿನಲ್ಲಿ ಏನೋ ಸುತ್ತಿಕೊಂಡು.
ಬಿಚ್ಚಿದರೆ ಗೇಣುದ್ದದ ರೈಲು ಹಳಿ,
ಬೆಂಕಿಕಡ್ಡಿಯಂಥ ಸ್ಲೀಪರು,
ಒಂದು ತುದಿ ನಾಯಿ ಕಡಿದಂತೆ.
"ಪಕ್ಕಡದಿಂದ ಕತ್ತರಿಸಿದ್ಯಾ ಕಾಕಾ?"
"ಹೂಂ ನಮ್ಮವ್ವ, ಚಪ್ಪಟಿ ಆತು.
ನಿನ್ನ ಮಶೀನು ಕೂಯ್ ಅಂತೈತಲ್ಲ, ಅದನ್ನ ಒಂದೀಟು ಕೊಡು."

ಮೂವತ್ತೊಂದು ವರ್ಷ ಕೀಮನ್ ಆಗಿದ್ದವ.
ಹೊಟಗಿಯಿಂದ ತಿಲಾಟಿಯ ಕಡೆಗೆ
ಹೆಗಲ ಮೇಲೆ ಸುತ್ತಿಗೆ ಹೊತ್ತು ದಿನಾ ನಡೆದವ,
ಸಡಿಲ ಬೆಣೆ ಎಲ್ಲಿದೆ ಎಂದು ಕಿವಿಯಿಂದಲೇ ಹೇಳುವವ.
ಈಗ ಬಾಡಿಗೆಯ ನೇಕಾರ ಮಗ್ಗ ಕಿತ್ತೊಯ್ದ ಕೋಣೆಯಲ್ಲಿ
ಹಳೆಯ ಬಾಗಿಲು ಮಲಗಿಸಿ
ಅದರ ಮೇಲೊಂದು ಹೊಟಗಿ ಕಟ್ಟುತ್ತಿದ್ದಾನೆ.
ಅದೇ ಬಾಗಿಲ ಅಂಚಿಗೆ ಶೇಂಗಾ ಹರವಿ ನೀಲವ್ವ ಬೈಯುತ್ತಾಳೆ:
"ಆಗ ಪಗಾರ ತಗೊಂಡು ಹಳಿ ಕಾದಿ,
ಈಗ ಪಿಂಚಣಿ ಕೊಟ್ಟು ಕಾಯಾಕತ್ತಿ."

ಕಣ್ಣಿಗೆ ದಪ್ಪ ಕನ್ನಡಕ ಹಾಕಿಸಿದೆ.
ಹಪ್ಪಳಕ್ಕಿಂತ ತೆಳ್ಳಗಿನ ಬಿಲ್ಲೆಯನ್ನು ತುದಿಗೆ ತಿರುಪಿದೆ.
"ಒತ್ತಬ್ಯಾಡ ಕಾಕಾ. ಹಳಿ ಮ್ಯಾಲೆ ಇಡು, ಸುಮ್ನಿರು.
ಕೊಯ್ಯೂದು ಅದರ ಕೆಲಸ, ನಿಂದಲ್ಲ."
ಒತ್ತಿದ.
ಚಟ್ ಎಂದಿತು. ಬಿಲ್ಲೆಯ ಚೂರು ಕನ್ನಡಕಕ್ಕೆ ಬಡಿದು
ಕ್ಯಾಲೆಂಡರಿನ ಏಕಾದಶಿಯಲ್ಲಿ ನೆಟ್ಟಿತು.
ಎರಡನೆಯದೂ ಹೋಯಿತು.
ಒಂದಕ್ಕೆ ನಲವತ್ತು ರೂಪಾಯಿ ಎಂದು ನಾನು ಹೇಳಲಿಲ್ಲ.
ಸುತ್ತಿಗೆಯ ಕೈ ಅದು,
ಭಾರ ಬಿಟ್ಟು ಬೇರೆ ಭಾಷೆ ಬಾರದು.

ಆಮೇಲೆ ನಾನೇ ಕೂತೆ.
ಬೇವಿನ ತುಂಡಿನಲ್ಲಿ ಗೆರೆ ಕೊರೆದು, ಹಳಿ ಕೂರಿಸಿ, ಬಿಗಿದು,
ಮಣಿಕಟ್ಟು ಮೇಜಿಗೆ ಊರಿ.
ಮಶೀನಿನ ಹೊಟ್ಟೆ ಪಕ್ಕದ ಹಳಿಗೆ ತಾಗಿದರೆ ಬಿಲ್ಲೆ ವಾಲುತ್ತದೆ,
ವಾಲಿದರೆ ಕೊಯ್ತ ಓರೆ.
ಮೊಣಕೈ ಎತ್ತಿ ಉಸಿರು ಹಿಡಿದೆ.
ಮುಟ್ಟಿಸಿ, ಎತ್ತಿ. ಮುಟ್ಟಿಸಿ, ಎತ್ತಿ.
ಕಾದರೆ ಕೆಳಗಿನ ಪ್ಲಾಸ್ಟಿಕ್ ತುಪ್ಪದಂತೆ ಕರಗುತ್ತದೆ.
೨೧೪ನೇ ನಂಬರಿನ ದವಡೆಗೆ ವಸ್ತ್ರ ಮುಚ್ಚಿದ್ದೆ, ಆದರೂ
ಗುಲಾಬಿ ವಸಡಿನ ಮೇಲೆ ಬೆಳ್ಳಿಯ ಪುಡಿ.
ಟಿಣ್.
ಬಿದ್ದ ತುಂಡಿನ ಮುಖದಲ್ಲಿ
ಟ್ಯೂಬ್‌ಲೈಟಿನ ಒಂದು ಚುಕ್ಕೆ.

ಸೂಜಿ ಅರದಿಂದ ಗರಸು ತೆಗೆದು ಎರಡು ತುದಿ ಕೂಡಿಸಿದೆ.
ಉಗುರು ಆಡಿಸಿದರೂ ಗೆರೆ ತಾಕದು.
ಇಪ್ಪತ್ತು ವರ್ಷ ನಾನು ಮಾಡಿದ್ದೇ ಇದು,
ಕೂದಲೂ ಹೋಗದಂತೆ ಹಲ್ಲಿಗೆ ಹಲ್ಲು.
ತೋರಿಸಿದೆ. ಅವನ ಮೋರೆ ಸಪ್ಪಗಾಯಿತು.
"ಸಂದು ಎಲ್ಲೈತವ್ವ?"
"ಮುಚ್ಚೀನಲ್ಲ ಕಾಕಾ!"
ಕಿಸೆಯಿಂದ ಲಗ್ನಪತ್ರಿಕೆಯ ತುಂಡು ತೆಗೆದು
ನಡುವೆ ನಿಲ್ಲಿಸಿದ.
"ಇಷ್ಟು ಬಿಡು. ಸೊಲ್ಲಾಪುರದ ಬಿಸಲಿಗೆ ಹಳಿ ಉದ್ದ ಆಕ್ಕೈತಿ.
ಜಾಗ ಇರದಿದ್ರ ಹಾವಿನಂಗ ಎದ್ದು ಕುಂದರ್ತೈತಿ.
ನಾ ನೋಡೀನಿ."
ಏನು ನೋಡಿದ್ದ, ಹೇಳಲಿಲ್ಲ.
ನಿನ್ನ ಹಳಿ ಮನೆಯೊಳಗಿನದು ಅನ್ನಲು ಬಾಯಿ ತೆರೆದೆ.
ಆ ಕೋಣೆಗೆ ತಗಡಿನ ಮಾಡು.
ಬಾಯಿ ಮುಚ್ಚಿದೆ, ಇನ್ನೊಮ್ಮೆ ಕೊಯ್ದೆ.

ಮರಾಠಿಯ ಸಾಂಧಾ ಕೂಡುವ ಜಾಗ, ಅಷ್ಟೇ.
ನಮ್ಮದು ಹಾಗಲ್ಲ:
ಮೊಣಕಾಲು ಕೂಡಿದ್ದೂ ಸಂದು, ಗೋಡೆ ಬಿಟ್ಟದ್ದೂ ಸಂದು,
ಎರಡು ಮನೆಯ ನಡುವೆ ಬೆಕ್ಕು ಓಡಾಡುವುದೂ.
ಇದು ಹೊಳೆದದ್ದು ರಾತ್ರಿ, ಶಟರ್ ಎಳೆದಾಗ,
ಕೆಳಗೊಂದು ಬೆರಳು ಬೆಳಕು ಉಳಿದು.

ಭಾನುವಾರ ನೀಲವ್ವ ಶೇಂಗಾ ಸರಿಸಿದಳು.
ಎಂಜಿನ್ನು, ಹಿಂದೆ ಮೂರು ಡಬ್ಬಿ.
ಟಕ್ ಟಕ್. ಟಕ್ ಟಕ್.
ರೇವಪ್ಪ ಕಣ್ಣು ಮುಚ್ಚಿ ಕತ್ತು ವಾಲಿಸಿದ್ದ.
"ಮೂರನೇದು ಸಡ್ಲ ಐತಿ."
ಬೆರಳು ಇಟ್ಟು ನೋಡಿದೆ.
ಹೌದು.