ನಾಲ್ಕು ಬೆರಳು

ಬನವ್ವ ಸೆರಗಿನಾಗ ಸುತ್ತಿ ತಂದಿದ್ದಳು ಪತ್ರಿಕೆ,
ನನ್ನ ಸ್ಟುಡಿಯೋದ ಗಾಜಿನ ಮ್ಯಾಲೆ ಬಿಡಿಸಿಟ್ಟಳು.
ಹೊಳಪಿನ ಹಾಳಿ, ಎರಡು ಪುಟ ತುಂಬ ಅಕಿನ:
ಗುಳೇದಗುಡ್ಡ, ಕುಣಿಮಗ್ಗ, ಅರ್ಧ ನೇಯ್ದ ಖಣ.

ಚಂದ ಐತಿ, ಅಂದೆ.
"ಚಂದ ಐತಿ ಖರೆ. ಮನಿ ನಂದಲ್ಲ.
ಮೀಟರ್ ಡಬ್ಬಿ ಇಲ್ಲ. ಟ್ಯೂಬ್‌ಲೈಟ್ ಇದ್ದಲ್ಲಿ ಗೂಡು,
ಗೂಡಿನಾಗ ನಾ ಎಂದೂ ಹಚ್ಚದ ಹಣತಿ.
ನೀಲಿ ಪ್ಲಾಸ್ಟಿಕ್ ಕೊಡ ಹಿತ್ತಾಳಿ ಆಗೇತಿ,
ಅದನ್ನರ ಕಳಿಸಿದ್ರ ಆಗ್ತಿತ್ತು."

ನಕ್ಕೆ. ಅಕಿ ನಗಲಿಲ್ಲ.
ಉಗುರು ಊರಿ ಹಾಳಿಯೊಳಗಿನ ತನ್ನ ಹೆಗಲು ತೋರಿಸಿದಳು:
ನಾಲ್ಕು ಬೆರಳು.
ಹಿಂದ ಕೈ ಇಲ್ಲ, ತೋಳಿಲ್ಲ, ಯಾರೂ ಇಲ್ಲ.
ಬರೇ ಗ್ವಾಡಿ, ಈಗ ಸುಣ್ಣ ಬಳಿದಂಗ.

"ನಮ್ಮ ತ್ರಿವೇಣಿ. ಮ್ಯಾಕ್ಸಿ ಹಾಕಿದ್ಲು, ಕೈಯಾಗ ಫೋನಿತ್ತು.
ಒರಸ್ಯಾರ. ನೀ ತಿರುಗಿ ತುಂಬಿಕೊಡು."

ನನಗೇನು ಹೊಸದ?
ಮೂವತ್ತು ವರ್ಷ ಪೆನ್ಸಿಲ್ ಚೂಪು ಮಾಡಿ
ನೆಗೆಟಿವ್ ಮ್ಯಾಲೆ ಸಿಡುಬಿನ ಕಲೆ ಮುಚ್ಚೀನಿ,
ಸತ್ತ ಗಂಡಂದಿರಿಗೆ ಕೋಟು ತೊಡಿಸಿ
ಜೀವಂತ ಹೆಂಡರ ಬಾಜೂಕ ಕುಂದರಿಸೀನಿ.
ಆ ಸುಳ್ಳಿಗೆ ಇನ್ನೂ ದಿನಾ ಊದಿನಕಡ್ಡಿ ಹಚ್ಚತಾರ.

ಕಂಪ್ಯೂಟರಿಗೆ ಹಾಕಿ ದೊಡ್ಡದು ಮಾಡಿದೆ.
ಕಿರುಬೆರಳ ತುದಿಗೆ ಕೆಂಪು,
ನೂಲಿನ ಬಣ್ಣವೋ ಮದರಂಗಿಯೋ.
ಅದರಾಚೆ ಏನೂ ಉಳಿಸಿಲ್ಲ.
ತುಂಬಿದರ ಅದು ನನ್ನ ಕೈ ಆಗತೈತಿ, ಬನವ್ವ,
ನಿನ್ನ ಮಗಳದಲ್ಲ.

ಭಾಳ ಹೊತ್ತು ನೋಡಿದಳು.
ಆಮ್ಯಾಲೆ ಹಾಳಿ ಮಡಚುತ್ತ ಅಂದಳು:
"ಹೆಬ್ಬೆರಳು ನನ್ನ ಬೆನ್ನ ಹಿಂದಿತ್ತು.
ಅದು ಅವರಿಗೆ ಸಿಕ್ಕಿಲ್ಲ."